ಹಗ್ಗದ ಮೇಲಿನ ಖಾಲಿ ಜಾಗ

ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕೊಡಬಾರದು, ಒಪ್ಪಿದೆ. ಆದರೆ ನಂಜನಗೂಡಿನಲ್ಲೇ ಮನೆ ಮಾಡಿಕೊಂಡು ರಸಬಾಳೆ ಹಣ್ಣನ್ನೂ ತಿನ್ನಬಾರದು ಎಂದರೆ ಅದು ಯಾವ ಸೀಮೆಯ ನ್ಯಾಯ? ನೀವೇ ಹೇಳಿ.

ನನ್ನ ಸೊಸೆ ರಮ್ಯ ಕೆಟ್ಟವಳಲ್ಲ. (ಇದನ್ನು ಮೊದಲೇ ಬರೆದುಬಿಡುತ್ತೇನೆ. ಅವಳೂ ಓದುತ್ತಾಳೆ.) ಸ್ಕೂಲಿನಲ್ಲಿ ಟೀಚರು. ಅಲ್ಲಿ ಮಕ್ಕಳನ್ನು ಗದರಿ ಮಿಕ್ಕಿದ ಗದರಿಕೆಯನ್ನು ಸಂಜೆ ನನಗೆ ಬಡಿಸುತ್ತಾಳೆ. ನನ್ನ ತಟ್ಟೆಗೆ ಅಳತೆಯಿಲ್ಲದೆ ಬೀಳುವುದು ಅದೊಂದೇ. ಮಿಕ್ಕಿದ್ದಕ್ಕೆಲ್ಲ ಕಟ್ಟುನಿಟ್ಟು: ಮುದ್ದೆ ಒಂದೇ, ಅನ್ನ ಹಿಡಿಯಷ್ಟು, ಕಾಫಿ ಸಪ್ಪೆ, ಬಾಳೆಹಣ್ಣಿನ ಮಾತೆತ್ತಿದರೆ ಕಣ್ಣು ಕೆಂಪು.

ಅದರಲ್ಲೂ ರಸಬಾಳೆ! ನಾನು ಮದುವೆಯಾಗಿ ಟಿ. ನರಸೀಪುರದ ಕಡೆಯಿಂದ ಈ ಊರಿಗೆ ಬಂದ ದಿನ, ಯಜಮಾನರ ದಿನಸಿ ಅಂಗಡಿಯ ಜಂತಿಗೆ ಒಂದು ಗೊನೆ ತೂಗುಹಾಕಿದ್ದರು. ಅದರ ಘಮ ಬೀದಿಯ ತುದಿಗೇ ಬಂದು ನಮ್ಮನ್ನು ಎದುರುಗೊಂಡಿತು. ನಾನು ಮೊದಲು ತಲೆಯೆತ್ತಿ ನೋಡಿದ್ದು ಗೊನೆಯನ್ನು, ಗಂಡನ ಮುಖವನ್ನು ಆಮೇಲೆ. ಮುಂದೆ ಬಾಳೆಗೆ ರೋಗ ಬಡಿದು ತೋಟಗಳೇ ಹೋದವು. ನಾಲಿಗೆ ಮಾತ್ರ ಮರೆಯಲಿಲ್ಲ.

ಹೀಗಿರುವಾಗ, ಹಿಂದಿನ ಬೀದಿಯ ನನ್ನ ಗೆಳತಿ ಪುಟ್ಟಬಸಮ್ಮನ ತಮ್ಮ ಶಿವಮಲ್ಲಪ್ಪ ಕವಲಂದೆಯ ತನ್ನ ಹೊಲದಲ್ಲಿ ಹಟ ಹಿಡಿದು ರಸಬಾಳೆ ಬೆಳೆದು, ಒಂದು ಗೊನೆಯನ್ನು ಅಕ್ಕನ ಮನೆಗೆ ತಂದಿಟ್ಟ. ಒಂದೇ ಒಂದು ಗೊನೆ.

"ಅಣ್ಣಾಗ್ಲಿ ತಡಿ ಅಕ್ಕ. ನಿನಗೆ ಅಂತ ಎರಡು ಎತ್ತಿಡ್ತೀನಿ. ನಿನ್ ಸೊಸೆ ಇಲ್ದಾಗ ಯೋಳು, ತತ್ತೀನಿ," ಎಂದಳು ಪುಟ್ಟಬಸಮ್ಮ.

ಹೇಳುವುದು ಹೇಗೆ? ಇಬ್ಬರಿಗೂ ಕಿವಿ ಮಂದ. ನಾವು ಫೋನಿನಲ್ಲಿ ಗುಟ್ಟು ಮಾತಾಡಿದರೆ ಬಸ್ ಸ್ಟ್ಯಾಂಡಿನಲ್ಲಿರುವ ಕಂಡಕ್ಟರು ತಿರುಗಿ ನೋಡುತ್ತಾನೆ.

ಇದೇ ಚಿಂತೆಯಲ್ಲಿ ಕೂತಿದ್ದಾಗ ಮೊಮ್ಮಗಳು ಶಿವರಂಜನಿ ಪಕ್ಕದಲ್ಲಿ ಪಿಯುಸಿ ಪಾಠ ಉರು ಹೊಡೆಯುತ್ತಿದ್ದಳು. "ಒಂದು ಸೊನ್ನೆ ಸೊನ್ನೆ ಒಂದು, ಒಂದು ಒಂದು ಸೊನ್ನೆ..."

"ಏನವ್ವ ಅದು, ಮಠದಲ್ಲಿ ಕೊಟ್ಟ ಮಂತ್ರವಾ?"

"ಬೈನರಿ ಅಜ್ಜಿ. ಕಂಪ್ಯೂಟರಿಗೆ ಗೊತ್ತಿರೋದು ಎರಡೇ. ಒಳಗೆ ಕರೆಂಟ್ ಇದ್ರೆ ಒಂದು, ಇಲ್ದಿದ್ರೆ ಸೊನ್ನೆ."

"ಇಷ್ಟೇನಾ? ಅದಕ್ಕೆ ನಿಮ್ಮಪ್ಪ ಅಷ್ಟೊಂದು ದುಡ್ಡು ಸುರಿದನಾ? ನಮ್ಮ ಬೀದಿ ಕರೆಂಟೂ ಅದನ್ನೇ ಮಾಡ್ತದಲ್ಲ. ಬತ್ತದೆ, ಓಯ್ತದೆ."

ಅವಳು ನಕ್ಕಳು. ಆದರೆ ನನಗೆ ಕುತೂಹಲ ಹತ್ತಿತು. ಎರಡೇ ಗೊತ್ತಿರುವ ಯಂತ್ರ ದೊಡ್ಡ ದೊಡ್ಡ ಲೆಕ್ಕ ಹೇಗೆ ಮಾಡುತ್ತದೆ? ಕೇಳಿದೆ.

"ಜಾಗ ಅಜ್ಜಿ, ಜಾಗ! ಕೊನೇ ಜಾಗದ ಬೆಲೆ ಒಂದು, ಅದರ ಪಕ್ಕದ್ದು ಎರಡು, ಆಮೇಲೆ ನಾಲ್ಕು, ಎಂಟು. ದುಪ್ಪಟ್ಟಾಗ್ತಾ ಹೋಗ್ತದೆ. ಯಾವ ಜಾಗ ಬೇಕೋ ಅಲ್ಲಿ ಒಂದು, ಬೇಡದ ಕಡೆ ಸೊನ್ನೆ."

ನಾನು ಎದ್ದು ಅಡುಗೆಮನೆಗೆ ಹೋದೆ. ಅಂಗಡಿ ಮುಚ್ಚಿದ ಮೇಲೂ ನಾನು ಬಿಡದೆ ಇಟ್ಟುಕೊಂಡಿರುವ ಅಳತೆಗಳನ್ನು ತಂದು ಸಾಲಾಗಿ ಇಟ್ಟೆ: ಸೇರು, ಅಚ್ಚೇರು, ಪಾವು, ಅರೆಪಾವು. ಎರಡು ಅರೆಪಾವಿಗೆ ಒಂದು ಪಾವು, ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಸೇರು. ಎಲ್ಲ ದುಪ್ಪಟ್ಟೇ.

ಶಿವರಂಜನಿಯ ಕಣ್ಣರಳಿತು. "ಅಜ್ಜೀ! ಹದಿಮೂರು ಅರೆಪಾವು ಅಕ್ಕಿ ಅಳೆ ನೋಡೋಣ."

"ಒಂದು ಸೇರು, ಒಂದು ಅಚ್ಚೇರು, ಪಾವು ಬೇಡ, ಒಂದು ಅರೆಪಾವು."

"ಒಂದು, ಒಂದು, ಸೊನ್ನೆ, ಒಂದು! ಅದೇ ಬೈನರಿಯಲ್ಲಿ ಹದಿಮೂರು!"

ಮೂರನೇ ಕ್ಲಾಸಿಗೆ ಸ್ಲೇಟು ಎತ್ತಿಟ್ಟ ನಾನು ಕೂತಲ್ಲೇ ಒಂದು ಗೇಣು ಎತ್ತರವಾದೆ. "ಅಕ್ಷರ ಹೆಂಗೆ ಬರೀತದೆ?" ಎಂದೆ.

"ಅದಕ್ಕೆ ಅಕ್ಷರ ಗೊತ್ತಿಲ್ಲ ಅಜ್ಜಿ. ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕೆ ಅಂತ ಜನ ಸೇರಿ ಒಪ್ಪಂದ ಮಾಡ್ಕೊಂಡಿದಾರೆ. ಈ ಕಡೆಯವರಿಗೂ ಆ ಕಡೆಯವರಿಗೂ ಒಪ್ಪಂದ ಗೊತ್ತಿದ್ರೆ ಆಯ್ತು."

"ಮತ್ತೆ ಫೋಟೋ?"

ಅವಳು ಫೋನಿನಲ್ಲಿ ಯಜಮಾನರ ಫೋಟೋ ತೆಗೆದು ಎರಡು ಬೆರಳಲ್ಲಿ ಹಿಗ್ಗಿಸುತ್ತಾ ಹೋದಳು. ಮೀಸೆ ದೊಡ್ಡದಾಯಿತು, ಇನ್ನೂ ದೊಡ್ಡದಾಯಿತು, ಕೊನೆಗೆ ಮೀಸೆಯೇ ಇಲ್ಲ. ಬರೀ ಚೌಕ ಚೌಕ, ಒಂದು ಕಪ್ಪು, ಒಂದು ಕಂದು, ಒಂದು ಬೂದಿ.

"ರಂಗೋಲಿ ಚುಕ್ಕಿ ಥರ ಅಜ್ಜಿ. ಒಂದೊಂದು ಚೌಕದ ಬಣ್ಣಕ್ಕೂ ಅಂಕೆ."

"ನಿಮ್ಮ ತಾತ ಎಲ್ಲಿ ಇದರಲ್ಲಿ?"

"ಹತ್ತಿರದಿಂದ ಕಾಣಲ್ಲ. ದೂರ ಹೋದ್ರೆ ಕಾಣ್ತಾರೆ."

"ಇದ್ದಾಗಲೂ ಅಂಗೇ ಇದ್ರು ಕಣವ್ವ," ಎಂದೆ. ಆದರೂ ಬಹಳ ಹೊತ್ತು ಆ ಚೌಕಗಳನ್ನೇ ನೋಡುತ್ತಿದ್ದೆ. ನನ್ನ ಗಂಡ ಅಂಕೆಯಾಗಿ ಈ ಡಬ್ಬಿಯೊಳಗೆ ಕೂತಿದ್ದಾರೆ. ಬದುಕೆಲ್ಲ ಸೇರು ಪಾವು ಹಿಡಿದವರಿಗೆ ತಕ್ಕ ಜಾಗವೇ ಸಿಕ್ಕಿತು.

ಆಗಲೇ ತಲೆಗೆ ಹೊಳೆದದ್ದು. ಒಪ್ಪಂದ! ನನಗೂ ಪುಟ್ಟಬಸಮ್ಮನಿಗೂ!

ನಮ್ಮ ಮಾಳಿಗೆಯ ಮೇಲೆ ನನ್ನ ಬಟ್ಟೆಗೆಂದೇ ಮಗ ಕಟ್ಟಿಸಿಕೊಟ್ಟ ಗಿಡ್ಡ ಹಗ್ಗವಿದೆ. ನಾಲ್ಕೇ ಬಟ್ಟೆ ಹಿಡಿಯುತ್ತದೆ. ಪುಟ್ಟಬಸಮ್ಮನ ಮಾಳಿಗೆಗೆ ಅದು ನಿಚ್ಚಳವಾಗಿ ಕಾಣುತ್ತದೆ. ಮಾರನೆಯ ದಿನವೇ, ಶಿವರಂಜನಿಯನ್ನೂ ಗುಟ್ಟಿಗೆ ಸೇರಿಸಿಕೊಂಡು, ಪುಟ್ಟಬಸಮ್ಮನನ್ನು ಕೂರಿಸಿ ವಿದ್ಯಾದಾನ ಮಾಡಿದೆ.

"ಬಟ್ಟೆ ಇದ್ರೆ ಒಂದು, ಇಲ್ದಿದ್ರೆ ಸೊನ್ನೆ. ಮೊದಲ್ನೇದು ಸೇರು."

"ಯಾವ ಕಡೆಯಿಂದ ಮೊದಲು? ನಿನ್ ಎಡ ನಂಗೆ ಬಲ ಅಲ್ವಾ ಅಕ್ಕ?"

(ನೋಡಿ, ಇದು ನನಗೆ ಹೊಳೆದೇ ಇರಲಿಲ್ಲ.) "ನೀರಿನ ಟ್ಯಾಂಕ್ ಕಡೇದು ಸೇರು. ಆಮೇಲೆ ಅಚ್ಚೇರು, ಪಾವು, ಅರೆಪಾವು. ಸೇರಿನ ಜಾಗ ಖಾಲಿ ಬಿಟ್ಟು ಮಿಕ್ಕಿದ ಮೂರು ಕಡೆ ಬಟ್ಟೆ ಇದ್ರೆ, ಸೊಸೆ ಇಲ್ಲ, ಹಿತ್ತಲ ಬಾಗಿಲಿಗೆ ಹಣ್ಣು ತಾ ಅಂತ."

"ಖಾಲಿ ಜಾಗಾನೂ ನೋಡ್ಬೇಕಾ?"

"ಖಾಲಿನೂ ಮಾತೇ ಕಣೆ. ಸೊನ್ನೆ ಇಲ್ದೆ ಕಂಪ್ಯೂಟರೇ ನಡೆಯಲ್ಲ!" ಎಂದೆ, ನಾನೇ ಅದನ್ನು ಕಂಡುಹಿಡಿದವಳ ಹಾಗೆ.

"ಅಂಗಾದ್ರೆ ನಾಲ್ಕೂ ತುಂಬಿದ್ರೆ?"

ಅದಕ್ಕೆ ನಾನು ಏನೂ ಗೊತ್ತುಮಾಡಿರಲಿಲ್ಲ. ಪುಟ್ಟಬಸಮ್ಮನೇ ಹೇಳಿದಳು, "ಅಗಲೊತ್ತು ಒಬ್ಳೇ ಇರ್ತೀಯ. ಬಿದ್ದು ಗಿದ್ದು ಆದ್ರೆ? ನಾಲ್ಕೂ ತುಂಬಿದ್ರೆ ಜೀವಕ್ಕೆ ಬಂದದೆ, ಓಡಿ ಬಾ ಅಂತ ಇಟ್ಕಳವಾ."

"ಬಿದ್ದವಳು ಮಾಳಿಗೆ ಹತ್ತಿ ನಾಲ್ಕು ಬಟ್ಟೆ ಒಣಗಾಕ್ತಾಳೇನೆ?" ಎಂದು ನಕ್ಕೆ. ಆದರೆ ಅವಳ ಮನಸ್ಸಿಗೆ ಸಮಾಧಾನವಾಗಲಿ ಎಂದು ಒಪ್ಪಿದೆ. ಆ ಒಪ್ಪಿಗೆಯೇ ನನಗೆ ಮುಳುವಾಯಿತು.

ಗೊನೆ ಹಣ್ಣಾಯಿತು. ಗಾಳಿ ಈ ಕಡೆ ಬೀಸಿದಾಗ ನನಗೆ ಮೂಗಿನಲ್ಲೇ ಸುದ್ದಿ ಬಂತು. ಬೆಳಿಗ್ಗೆ ರಮ್ಯ ಸ್ನಾನಕ್ಕೆ ಹೋದದ್ದೇ ತಡ, ಮಾಳಿಗೆ ಹತ್ತಿ ಮೂರು ಬಟ್ಟೆ ಹರವಿ, ಟ್ಯಾಂಕಿನ ಕಡೆ ಖಾಲಿ ಬಿಟ್ಟು ಇಳಿದೆ. ಅವಳು ಹೊರಡುವ ಹೊತ್ತಿಗೂ ಪುಟ್ಟಬಸಮ್ಮ ಮಾಳಿಗೆಗೆ ಬರುವ ಹೊತ್ತಿಗೂ ಸರಿಹೋಗುತ್ತದೆ ಎಂಬುದು ನನ್ನ ಲೆಕ್ಕ. ಸ್ಕೂಟರಿನ ಸದ್ದು ಬೀದಿ ತಿರುಗಿತು. ನಾನು ಹಿತ್ತಲ ಬಾಗಿಲಲ್ಲಿ ಮಣೆ ಹಾಕಿಕೊಂಡು, ಸಿಪ್ಪೆ ಹಾಕಲು ಒಂದು ಎಲೆಯನ್ನೂ ಇಟ್ಟುಕೊಂಡು ಕೂತೆ.

ಹಿತ್ತಲ ಬಾಗಿಲಿಗೆ ಯಾರೂ ಬರಲಿಲ್ಲ. ಮುಂಬಾಗಿಲಿಗೆ ಇಡೀ ಬೀದಿ ಬಂತು.

"ಅಯ್ಯೋ ನಮ್ಮಕ್ಕಾ! ಓಗ್ಬಿಟ್ಯೇನಕ್ಕಾ!" ಎಂದು ಎದೆ ಬಡಿದುಕೊಳ್ಳುತ್ತಾ ಮುಂದೆ ಪುಟ್ಟಬಸಮ್ಮ. ಹಿಂದೆ, ಹಿಂದಿನ ರಾತ್ರಿ ಅಕ್ಕನ ಮನೆಗೆ ಬಂದು ಉಳಿದಿದ್ದ ಶಿವಮಲ್ಲಪ್ಪ, ಗೊನೆಯನ್ನು ಇಡಿಯಾಗಿ ಹೆಗಲ ಮೇಲೆ ಹೊತ್ತು. "ಸಾಯೋ ಜೀವ, ಅಣ್ಣಿನ ಮ್ಯಾಲೆ ಆಸೆ ಮಡಿಕ್ಕಂಡಿತ್ತು, ಎತ್ಕೊಳ್ಲಾ ಅಂದ್ಲು ನಮ್ಮಕ್ಕ," ಎಂದು ಅವನು ಏದುಸಿರು ಬಿಟ್ಟ. ಅವರ ಹಿಂದೆ ಅಕ್ಕಪಕ್ಕದವರು, ಒಂದು ಆಟೋ, ಆಟೋದಿಂದ ಇಳಿದ ಡಾಕ್ಟರು. ಯಾರೋ ಪುಣ್ಯಾತ್ಮರು ಸ್ಕೂಲಿಗೂ ಫೋನ್ ಮಾಡಿದ್ದರು.

ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ರಮ್ಯ ಬಂದಳು. ಹೊಸ್ತಿಲಾಚೆಯೇ ಚಪ್ಪಲಿ ಬಿಡಬೇಕೆಂದು ದಿನಾ ಗದರುವವಳು ಚಪ್ಪಲಿ ಮೆಟ್ಟಿಕೊಂಡೇ ನಡುಮನೆಗೆ ಓಡಿಬಂದಳು. ಮುಖ ಬಿಳುಚಿಹೋಗಿತ್ತು. "ಅತ್ತೆ! ಏನಾಯ್ತು ಅತ್ತೆ?"

ಆ ಮುಖ ನೋಡಿ, ಬಾಳೆಹಣ್ಣಿಗಾಗಿ ಕಾಯುತ್ತಿದ್ದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. "ಸ್ವಲ್ಪ ತಲೆ ಸುತ್ತು," ಎಂದು ಮಂಚದ ಮೇಲೆ ಮಲಗಿಬಿಟ್ಟೆ.

ಡಾಕ್ಟರು ನಾಡಿ ಹಿಡಿದರು, ಬಿ.ಪಿ. ನೋಡಿದರು. ಏನೂ ಸಿಗಲಿಲ್ಲ. ಏನೂ ಸಿಗದಿದ್ದಾಗ ಹೇಳುವುದನ್ನೇ ಹೇಳಿದರು. "ಇವತ್ತು ಬರೀ ಗಂಜಿ ಕೊಡಿ."

ಪುಟ್ಟಬಸಮ್ಮನ ಸಂತೋಷಕ್ಕೆ ಪಾರವಿಲ್ಲ. "ನಮ್ಮಕ್ಕ ಉಳ್ಕಂಡ್ಳು! ತಕಳ್ರಪ್ಪ, ಎಲ್ರೂ ತಿನ್ರಿ!" ಎಂದು ಗೊನೆಯಿಂದ ಹಣ್ಣು ಕಿತ್ತು ಕಿತ್ತು ಹಂಚಿದಳು. ಡಾಕ್ಟರಿಗೆ, ಆಟೋದವನಿಗೆ, ಬೀದಿಗೆ. ನನ್ನನ್ನು ನೋಡಲು ಬಂದವರು ನನ್ನ ಮಂಚದ ಸುತ್ತ ನಿಂತು, ಕಣ್ಣು ಮುಚ್ಚಿ ಚಪ್ಪರಿಸಿದರು. ರಮ್ಯಳೂ ಒಂದು ತಿಂದಳು. "ಅಬ್ಬಾ, ಏನ್ ರುಚಿ ಅತ್ತೆ!" ಎಂದು ನನ್ನ ಬಾಯಿಗೆ ಒಂದು ಚಮಚ ಗಂಜಿ ಹಾಕಿದಳು.

ಸಂಜೆ ಶಿವರಂಜನಿ ಕಾಲೇಜಿನಿಂದ ಬಂದವಳು ಮಾಳಿಗೆಗೆ ಹೋಗಿ ಇಳಿದು ಬಂದಳು. "ಅಜ್ಜಿ, ನಾಲ್ಕೂ ತುಂಬಿದೆಯಲ್ಲ! ಟ್ಯಾಂಕ್ ಕಡೆ ಯಾರದೋ ಟವೆಲ್ ಇದೆ."

"ನಂದೇ," ಎಂದಳು ರಮ್ಯ. "ಬೆಳಿಗ್ಗೆ ನೋಡಿದೆ, ಒಂದು ಜಾಗ ಸುಮ್ನೆ ಖಾಲಿ ಇತ್ತು. ಒಣಗ್ಲಿ ಅಂತ ಹಾಕಿ ಹೋದೆ. ಯಾಕೆ?"

ಹುಡುಗಿ ಬಿದ್ದು ಬಿದ್ದು ನಕ್ಕು, ಸೇರಿನಿಂದ ಅರೆಪಾವಿನವರೆಗೆ ಎಲ್ಲವನ್ನೂ ಹೇಳಿಬಿಟ್ಟಳು. ನಾನು ಗೋಡೆ ಕಡೆ ತಿರುಗಿ ಮಲಗಿ, ಬೀಳಲಿರುವ ಗದರಿಕೆಗೆ ಕಾದೆ. ಅದು ಬೀಳಲಿಲ್ಲ. ಅದಕ್ಕಿಂತ ಕೆಟ್ಟದ್ದು ಬಂತು.

"ಅಲ್ಲ ಅತ್ತೆ, ದಿನಕ್ಕೆ ಅರ್ಧ ಬಾಳೆಹಣ್ಣು ತಿನ್ನಬಹುದು ಅಂತ ಹೋದ ತಿಂಗಳೇ ಡಾಕ್ಟರು ಹೇಳಿದ್ರಲ್ಲ! ನಾನು ಬಂದು ನಿಮಗೆ ಹೇಳ್ದೆ. ಕೊಡ್ಲಾ, ಬೇಡ್ವಾ ಅಂತ ಕೇಳಿದ್ರೆ 'ಬೇಡ' ಅಂತ ತಲೆ ಅಲ್ಲಾಡಿಸಿದ್ರಿ. ಆಮೇಲೆ ಹಣ್ಣಿನ ಮಾತೇ ಎತ್ತಲಿಲ್ಲ."

ಮಂದ ಕಿವಿಯವರ ಕಷ್ಟ ನಿಮಗೆ ತಿಳಿಯದು. ಕೇಳಿಸದಿದ್ದರೆ ಮರ್ಯಾದೆಗೆಂದು ಏನಾದರೊಂದು ತಲೆಯಾಡಿಸುತ್ತೇವೆ. ಉದ್ದಕ್ಕೆ ಆಡಿಸಿದರೆ ಒಂದು, ಅಡ್ಡಕ್ಕೆ ಆಡಿಸಿದರೆ ಸೊನ್ನೆ. ಅವತ್ತು ನಾನು ಅಡ್ಡಕ್ಕೆ ಆಡಿಸಿದ್ದೆ.

"ನಾಳೆ ನಾನೇ ಹೋಗಿ ಒಂದು ಇಸ್ಕೊಂಡು ಬರ್ತೀನಿ. ಅರ್ಧ ನಿಮಗೆ," ಎಂದಳು ರಮ್ಯ. ಕೆಟ್ಟವಳಲ್ಲ ಎಂದು ಮೊದಲೇ ಬರೆದಿದ್ದೇನೆ.

ಬೆಳಗಾಗುತ್ತಲೇ ಮಾಳಿಗೆ ಹತ್ತಿದೆ. ಎದುರು ಮಾಳಿಗೆಯಲ್ಲಿ ಪುಟ್ಟಬಸಮ್ಮನೂ ಒಂದು ಹಗ್ಗ ಕಟ್ಟಿಕೊಂಡಿದ್ದಳು. ನಾನು ಕೇಳುವ ಮೊದಲೇ ಅವಳು ಉತ್ತರ ಹೇಳಿದ್ದಳು. ಹಗ್ಗದ ಮೇಲೆ ಸೇರಿನ ಜಾಗದಲ್ಲಿ ಬಟ್ಟೆಯಿಲ್ಲ, ಅಚ್ಚೇರಿನ ಜಾಗದಲ್ಲಿಲ್ಲ, ಪಾವಿನದರಲ್ಲಿಲ್ಲ, ಅರೆಪಾವಿನದರಲ್ಲೂ ಇಲ್ಲ. ಹಗ್ಗದ ತುದಿಯ ಗೂಟಕ್ಕೆ ಒರಗಿಸಿದ ಗೊನೆಯ ಬರೀ ದಿಂಡು ಮಾತ್ರ ನಿಂತಿತ್ತು.

ಇದಕ್ಕೆ ನಾವು ಒಪ್ಪಂದವನ್ನೇ ಮಾಡಿಕೊಂಡಿರಲಿಲ್ಲ. ಆದರೂ ನನಗೆ ಒಂದಕ್ಷರ ತಪ್ಪದೆ ಓದಲು ಬಂತು.