ಸೀರೆ ಅಂಗಡಿಯ ಮೀನಿಗೆ ನಾ ಮಾಡಿದ ಡಾಕ್ಟರಕಿ

‘ನನಗ ಗೊತ್ತಿಲ್ಲ’ ಅನ್ನುವ ಮಾತು ಹುಟ್ಟಿನಿಂದಲೇ ಬಾಯಿಗೆ ಬರದವರನ್ನು ಇಂಥ ಪ್ರಸಂಗಗಳು ಮನೆ ಹುಡುಕಿಕೊಂಡು ಬರುತ್ತವೆ. ಎಪ್ಪತ್ತರ ದಶಕದ ಕೊನೆಗೆ ನಾನು ಹುನಗುಂದ ತಾಲೂಕಿನ ಒಂದು ದನದ ದವಾಖಾನೆಯಲ್ಲಿ ಕಂಪೌಂಡರ್. ಎಮ್ಮೆ ಒದ್ದರೆ ಎಷ್ಟು ದೂರ ಬೀಳುತ್ತೇವೆ ಎಂಬುದರ ಹೊರತು ವೈದ್ಯವಿದ್ಯೆ ಏನೂ ಬರುತ್ತಿರಲಿಲ್ಲ.

೧. ಒಪ್ಪತ್ತು

ಇಳಕಲ್ಲಿನ ಸೀರೆ ಅಂಗಡಿಯ ಸಾವಕಾರರು ಮುಂಬೈಯಿಂದ ಒಂದು ಬಂಗಾರ ಬಣ್ಣದ ಮೀನು ತಂದು ಗಾಜಿನ ತೊಟ್ಟಿಯಲ್ಲಿ ಇಟ್ಟಿದ್ದರು. ಮೀನು ಎಂಬ ಮಾತೂ ಹೊಸ್ತಿಲು ದಾಟದ ಮನೆತನ. ಅವರ ಅವ್ವ ಅದನ್ನು ‘ಕೂಸು’ ಎನ್ನುತ್ತಿದ್ದರು. ಒಂದು ದಿನ ಕೂಸು ಹೊಟ್ಟೆಯುಬ್ಬಿ ಓರೆಯಾಗಿ ತೇಲಿತು. ನಮ್ಮ ದೊಡ್ಡ ಡಾಕ್ಟರು ರಜೆಯಲ್ಲಿದ್ದರು.

“ಡಾಕ್ಟರ್ರ, ನೀವರ ನೋಡ್ರಿ” ಅಂದರು ಸಾವಕಾರರು.

ನನ್ನನ್ನು ಹಾಗೆ ಯಾರೂ ಕರೆದಿರಲಿಲ್ಲ. ಆ ಒಂದು ಮಾತಿಗಾಗಿ ನಾ ಆನೆಯ ಹಲ್ಲೂ ಕೀಳುತ್ತಿದ್ದೆ. ವಿಚಾರಿಸಿದರೆ, ಅವ್ವ ಎರಡೂ ಹೊತ್ತು ರೊಟ್ಟಿ ಚೂರು, ನಡುವೆ ಶೇಂಗಾ ಹಿಂಡಿ ಹಾಕುತ್ತಿದ್ದರಂತೆ. ಎರಡು ದಿನ ಉಪವಾಸ, ಆಮೇಲೆ ವಾರಕ್ಕೊಂದು ದಿನ ಒಪ್ಪತ್ತು ಎಂದೆ. ರೋಗ ತಿಳಿಯದಾಗ ದನಕ್ಕೂ ಅದನ್ನೇ ಹೇಳುತ್ತಿದ್ದೆ. ದನ ತಿರುಗಿ ಮಾತಾಡುವುದಿಲ್ಲ. ಮೂರನೆಯ ದಿನ ಮೀನು ನೆಟ್ಟಗೆ ಈಜಿತು. ಕೂಸೂ ತಮ್ಮ ಜೋಡಿ ಸೋಮವಾರದ ಒಪ್ಪತ್ತು ಹಿಡಿದೈತಿ ಎಂದು ಅವ್ವ ಓಣಿಯೆಲ್ಲ ಹೇಳಿಬಂದರು. ಎಲ್ಲರಿಗಿಂತ ಬೆರಗಾದವನು ನಾನು.

೨. ತೀರ್ಥ

ಬೇಸಿಗೆಯಲ್ಲಿ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿತು. ಕಿಕ್ಕಿರಿದ ಬಾದಾಮಿ ಬಸ್ಸಿನಲ್ಲಿ ನಾನೂ ಹಾಗೇ ಮಾಡಿದ್ದರಿಂದ, ಗಾಳಿ ಸಾಲದೆಂದು ಹೊಳೆಯಿತು. ಅರ್ಧ ನೀರು ಬದಲಿಸಿ, ಮೇಲಿನಿಂದ ತಂಬಿಗೆಯಲ್ಲಿ ಸಣ್ಣಗೆ ನೀರು ಬಿಡುತ್ತಿರಲು ಗುಮಾಸ್ತರಿಗೆ ಹೇಳಿದೆ. ಸೀರೆ ಕೊಳ್ಳಲು ಬಂದ ಅಜ್ಜಿಯೊಬ್ಬರು ಚಪ್ಪಲಿ ಕಳಚಿ, ಕೈಮುಗಿದು, ತೀರ್ಥಕ್ಕೆ ಅಂಗೈ ಚಾಚಿದರು. ಗುಮಾಸ್ತರು ನನ್ನ ಮುಖ ನೋಡಿದರು.

“ಒಂದ ಚಮಚಾ ಸಾಕು” ಎಂದೆ.

೩. ಬಿಳಿ ಚುಕ್ಕಿ

ಒಂದು ಮಂಗಳವಾರ ಹೋದರೆ ಮೀನಿನ ಬೆನ್ನ ಮೇಲೆ ಬಿಳಿ ಚುಕ್ಕಿ. ಬಾಗಲಕೋಟೆಯಲ್ಲಿ ಯಾರದೋ ಪುಸ್ತಕದಲ್ಲಿ ಓದಿದ್ದೆ: ಅಂಟುರೋಗ, ಬಿಟ್ಟರೆ ಸಾವು, ಉಪ್ಪುನೀರೇ ಮದ್ದು. ಅದನ್ನೇ ಸಾವಕಾರರಿಗೆ ಒಪ್ಪಿಸಿ, ಮೀನನ್ನು ಉಪ್ಪುನೀರಿನ ಬೋಗುಣಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟೆ. ಚುಕ್ಕಿ ಮಾಯ. ಮುಂದಿನ ಮಂಗಳವಾರ ಮತ್ತೆ ಚುಕ್ಕಿ, ಮತ್ತೆ ಉಪ್ಪು. ಮೂರನೆಯ ವಾರಕ್ಕೆ ನನಗೆ ಊಟ ಸೇರದಾಯಿತು. ಮೀನು ಸತ್ತರೆ ‘ಡಾಕ್ಟರ್ರ’ ಎಂಬ ಮಾತೂ ಅದರ ಜೋಡಿ ಸಾಯುತ್ತಿತ್ತು. ಇದು ವಾರಕ್ಕೊಮ್ಮೆ ಏಳುವ ಜಾತಿಯ ರೋಗ, ಈ ಸೀಮೆಗೇ ಹೊಸದು ಎಂದು ಗಂಭೀರವಾಗಿ ಹೇಳಿದೆ. ಕಾವಲು ಕೂತು ನೋಡೋಣ ಎಂದು ಸಾವಕಾರರನ್ನು ಒಪ್ಪಿಸಿ, ಸೋಮವಾರ ಮುಂಜಾನೆಯೇ ಇಬ್ಬರೂ ತೊಟ್ಟಿಯ ಮುಂದೆ ಕೂತೆವು.

ಅವ್ವ ಪೂಜೆ ಮುಗಿಸಿ ಬಂದರು. ಮೀನು ಆಸೆಯಿಂದ ಮೇಲೆ ಬಂತು. ಅವ್ವ ಚಿಟಿಕೆ ವಿಭೂತಿ ಪುಡಿಯನ್ನು ಅದರ ಬೆನ್ನ ಮೇಲೆ ಉದುರಿಸಿದರು.

“ಸೋಮವಾರ ಹಿಡಿದ ಕೂಸು, ಬರೇ ಮೈಲೆ ಇರಬಾರದಪಾ” ಎಂದರು.

ಸಾವಕಾರರು ನಗಲಿಲ್ಲ. ತಮ್ಮ ಹಣೆಯ ಮೂರು ಪಟ್ಟಿ ತೋರಿಸಿ, “ಡಾಕ್ಟರ್ರ, ಈ ರೋಗ ನಮ್ಮ ಮನಿ ಮಂದಿಗೆಲ್ಲಾ ಐತಿ. ಮೊದಲ ಯಾರನ್ನ ಉಪ್ಪಿನ ನೀರಾಗ ಇಳಸ್ತೀರಿ?” ಅಂದರು.

ನಾ ಬಾಯಿ ತೆರೆಯುವಷ್ಟರಲ್ಲಿ ಅವ್ವ ಉಳಿದ ಚಿಟಿಕೆಯನ್ನು ನನ್ನ ಹಣೆಗೂ ಬಳಿದರು. ಅಂಟುರೋಗ ಎಂದವನು ನಾನೇ ತಾನೇ.