ನನ್ನ ಹೆಂಡತಿಯ ಅರಾವಳಿ

ಗಂಡಸರಿಗೆ ಸವತಿ ಕಾಟ ಇರುವುದಿಲ್ಲ ಎಂದು ನಂಬಿದವರು ಲೋಧಿ ಕಾಲೋನಿಯ ನಮ್ಮ ಮನೆಗೆ ಬಂದು ನೋಡಬೇಕು. ನನ್ನ ಹೆಂಡತಿ ಭೂವಿಜ್ಞಾನಿ. ಅವಳ ಮನಸ್ಸು ಕದ್ದಿರುವುದು ಯಾವ ಸಹೋದ್ಯೋಗಿಯೂ ಅಲ್ಲ, ದೆಹಲಿಗೆ ಒರಗಿಕೊಂಡು ಬಿದ್ದಿರುವ ಅರಾವಳಿ ಬೆಟ್ಟ. ಸಹೋದ್ಯೋಗಿಯಾಗಿದ್ದರೆ ಜಗಳವಾದರೂ ಆಡಬಹುದಿತ್ತು. ನೂರಾರು ಕೋಟಿ ವರ್ಷ ವಯಸ್ಸಾದ ಕಲ್ಲಿನ ಮುಂದೆ ನಿಂತು ಏನೆಂದು ಕೂಗಾಡುವುದು?

ಆಗ ಮೆಟ್ರೋಗಾಗಿ ಊರೆಲ್ಲ ಅಗೆಯುತ್ತಿದ್ದರು. ಉಳಿದವರು ಧೂಳಿಗೆ ಶಾಪ ಹಾಕುತ್ತಿದ್ದರೆ, ಇವಳು ಹೊಂಡ ಕಂಡಲ್ಲೆಲ್ಲ ಬಗ್ಗಿ ಇಣುಕುತ್ತಿದ್ದಳು. ಕಲ್ಲು ಸಿಕ್ಕರೆ ಸೆರಗಿನಲ್ಲಿ ಒರೆಸಿ, ಭೂತಗನ್ನಡಿ ಹಿಡಿದು, ಕೊನೆಗೆ ನಾಲಿಗೆಯಿಂದ ನೆಕ್ಕಿಯೂ ನೋಡುತ್ತಿದ್ದಳು. ಒದ್ದೆಯಾದರೆ ಹರಳು ಸ್ಪಷ್ಟವಾಗಿ ಕಾಣುತ್ತದಂತೆ. ನಾನು ಮಾಡಿದ ಉಪ್ಪಿಟ್ಟಿಗೆ ಮಾತ್ರ ನಾಲಿಗೆ ತಾಗಿಸದೆಯೇ "ಉಪ್ಪು ಜಾಸ್ತಿ" ಅನ್ನುತ್ತಿದ್ದಳು.

"ಈ ಕಲ್ಲು ಮೊದಲು ಬರೀ ಮರಳು ಕಣ್ರೀ. ಪದರ ಪದರವಾಗಿ ಕೂತು, ಒತ್ತಡಕ್ಕೆ ಸಿಕ್ಕಿ, ಬೆಂದು ಹೀಗೆ ಗಟ್ಟಿಯಾಗಿದೆ," ಅಂದಳು ಒಮ್ಮೆ.

"ಸೆಕ್ಷನ್ ಆಫೀಸರ್ ಆಗಿ ನಾನೂ ಹಾಗೇ ಬೆಂದಿದ್ದೀನಿ. ನನ್ನನ್ನ ಯಾಕೆ ಅಷ್ಟು ಪ್ರೀತಿಯಿಂದ ನೋಡಲ್ಲ?"

"ನಿಮ್ಮಲ್ಲಿ ಪದರ ಎಲ್ಲಿದೆ?" ಎಂದವಳು ನನ್ನ ಹೊಟ್ಟೆ ನೋಡಿ, "ಅಚ್ಛಾ, ಇದೆ," ಅಂದಳು.

ಆ ವರ್ಷ ಮೇ ತಿಂಗಳಲ್ಲಿ, ನಮ್ಮ ಮದುವೆಯ ವಾರ್ಷಿಕೋತ್ಸವದ ದಿನ, ಫರಿದಾಬಾದ್ ಕಡೆ ಊಟಕ್ಕೆ ಹೊರಟಿದ್ದೆವು. ರಸ್ತೆಗಾಗಿ ಸೀಳಿದ ಗುಡ್ಡ ಕಂಡದ್ದೇ ತಡ, "ಭಯ್ಯಾ, ರೋಕೋ" ಎಂದು ಆಟೋ ನಿಲ್ಲಿಸಿ, ರೇಷ್ಮೆ ಸೀರೆಯಲ್ಲೇ ಹತ್ತಿದಳು.

"ಮೇಡಂ ಕಾ ಕುಛ್ ಖೋ ಗಯಾ ಕ್ಯಾ?" ಏನಾದರೂ ಕಳೆದುಹೋಯಿತೇ ಎಂದು ಆಟೋದವನಿಗೆ ಕನಿಕರ.

"ಹಾಂ. ಪತಿ," ಎಂದೆ.

"ರೀ, ಬನ್ನಿ ಇಲ್ಲಿ," ಎಂದು ಮೇಲಿನಿಂದ ಕೂಗಿದಳು. ನಾನು ಅಲುಗಲಿಲ್ಲ. ಮತ್ತೆ ಕರೆದಾಗ ಮುಖ ಊದಿಸಿಕೊಂಡೇ ಹತ್ತಿದೆ. ಅವಳು ನನ್ನ ಅಂಗೈ ಹಿಡಿದು ಬಂಡೆಯ ಮೇಲೆ ಒತ್ತಿದಳು. ಸಾಲು ಸಾಲಾಗಿ ಸಣ್ಣ ಏರಿಳಿತಗಳು. ನೀರು ಹಿಂದೆ ಸರಿದ ಮೇಲೆ ದಂಡೆಯ ಮರಳಿನಲ್ಲಿ ಉಳಿಯುವಂಥವು.

"ಇಲ್ಲಿ ನೀರಿತ್ತು. ಇವು ಅದರ ಅಲೆಗಳ ಗುರುತು," ಅಂದಳು. "ಹೊನ್ನಾವರ ಬಿಟ್ಟು ಬಂದಾಗಿನಿಂದ ಈ ಊರಲ್ಲಿ ಕಡಲಿಲ್ಲ, ಕಡಲಿಲ್ಲ ಅಂತ ಕೊರಗ್ತೀರಲ್ಲ. ಹುಡುಕ್ತಾನೇ ಇದ್ದೆ. ಇವತ್ತು ಸಿಕ್ತು."

ಬಿಸಿಲಿಗೆ ಕಾದ ಕಲ್ಲು ಸುಡುತ್ತಿತ್ತು. ಆದರೂ ಕೈ ತೆಗೆಯಲು ಮನಸ್ಸಾಗಲಿಲ್ಲ. ನನ್ನ ಕೈ ಮೇಲಿದ್ದ ತನ್ನ ಕೈಯನ್ನು ಅವಳೂ ತೆಗೆಯಲಿಲ್ಲ. ಕೆಳಗೆ ಆಟೋದವನು ಹಾರ್ನ್ ಹೊಡೆಯುತ್ತಲೇ ಇದ್ದ.