ನೋವಿಗೆ ಹತ್ತರಲ್ಲಿ ಎಷ್ಟು?

ಕಾಯಿಲೆ ಇರುವ ಮನೆಯಲ್ಲಿ ನಗುವ ಸಂಗತಿಗಳಿಗೆ ಬರವಿಲ್ಲ. ಬೇಡವೆಂದರೂ ನಡೆಯುತ್ತಲೇ ಇರುತ್ತವೆ. ನನ್ನ ಹೆಂಡತಿಗೆ ಲೂಪಸ್ ಇತ್ತು. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿ ಬೀಳುವ ಕಾಯಿಲೆ. ತೊಂಬತ್ತರ ದಶಕದ ಕೊನೆಯಲ್ಲಿ ಅದು ಅವಳ ಪಿತ್ತಕೋಶಕ್ಕೆ ಕೈ ಹಾಕಿತು. ನಾನಾಗ ಲಂಡನ್ನಿನ ಈಸ್ಟ್ ಹ್ಯಾಮಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅವಳೂ ಉಡುಪಿಯಲ್ಲಿ ಟೀಚರಾಗಿದ್ದವಳು. ಈ ಪ್ರಸಂಗಗಳನ್ನು ನನಗಿಂತ ಚೆನ್ನಾಗಿ ಹೇಳುತ್ತಿದ್ದಳು. ಈಗ ನಾನೇ ಹೇಳಬೇಕು.

ಗಂಜಿ

ಬಲಗಡೆ ಪಕ್ಕೆಲುಬಿನ ಕೆಳಗೆ ನೋವೆಂದು ಮೊದಲು ಜಿ.ಪಿ., ಅಂದರೆ ನಮ್ಮ ಬೀದಿಯ ಡಾಕ್ಟರ ಹತ್ತಿರ ಹೋದೆವು. ಅವರು ನಮ್ಮ ಮುಖ ನೋಡಿದರು, ಹೊಟ್ಟೆ ನೋಡಲಿಲ್ಲ.

"ಮಸಾಲೆ ಕಡಿಮೆ ಮಾಡಿ."

"ನಾನು ಈಗ ಉಣ್ಣುವುದು ಗಂಜಿ ಮಾತ್ರ," ಎಂದಳು ಇವಳು.

"ಅಂದರೆ?"

"ನೀರಿನಲ್ಲಿ ಬೇಯಿಸಿದ ಅಕ್ಕಿ."

"ಅದಕ್ಕೆ ಏನೇನು ಹಾಕುತ್ತೀರಿ?"

"ಉಪ್ಪು."

ಡಾಕ್ಟರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಹಾಗಾದರೆ ಉಪ್ಪು ಕಡಿಮೆ ಮಾಡಿ."

ಕಲ್ಲು

ಸ್ಕ್ಯಾನ್ ಆಯಿತು. ಪಿತ್ತಕೋಶ ಊದಿಕೊಂಡಿತ್ತು, ಆದರೆ ಅದರಲ್ಲಿ ಕಲ್ಲಿರಲಿಲ್ಲ. ಕಲ್ಲಿಲ್ಲವಾದ್ದರಿಂದ ಆಪರೇಷನ್ನಿಗೆ ಅವಸರವಿಲ್ಲ, ಕಾದು ನೋಡೋಣ ಎಂದರು.

ಕನ್ನಡದವರ ದೀಪಾವಳಿ ಊಟದಲ್ಲಿ ಬೆಂಗಳೂರಿನ ಹಿರಿಯರೊಬ್ಬರು ಇದನ್ನು ಕೇಳಿ ಕೋಟಿನ ಜೇಬಿನಿಂದ ಒಂದು ಸಣ್ಣ ಬಾಟಲಿ ತೆಗೆದರು. ಅವರ ಪಿತ್ತಕೋಶದಲ್ಲಿ ಸಿಕ್ಕ ಕಲ್ಲುಗಳು. ಹೋಳಿಗೆಯ ತಟ್ಟೆಯ ಪಕ್ಕದಲ್ಲೇ ಇಟ್ಟರು.

"ಏನಮ್ಮಾ, ನಿಮಗೆ ಒಂದೂ ಇಲ್ವಾ?"

"ಇಲ್ಲ," ಎಂದಳು, ಪಾಠ ಒಪ್ಪಿಸಲಾಗದ ಹುಡುಗಿಯಂತೆ.

ಅವರಿಗೆ ಕನಿಕರ ಬಂತು. "ಇದ್ರಲ್ಲೇ ಒಂದು ತಗೊಂಡ್ಹೋಗಿ. ಡಾಕ್ಟರಿಗೆ ತೋರ್ಸೋಕೆ ಆಗತ್ತೆ."

ಇಂಟರೆಸ್ಟಿಂಗ್

ಲೂಪಸ್ ನೋಡುವ ಡಾಕ್ಟರು, ಪಿತ್ತಕೋಶ ತಮ್ಮ ವಿಭಾಗದ್ದಲ್ಲ ಎಂದರು. ಪಿತ್ತಕೋಶ ನೋಡುವ ಸರ್ಜನ್, ಇದೆಲ್ಲ ಲೂಪಸ್ಸಿನದೇ ಕೆಲಸ ಎಂದರು. ಇಬ್ಬರೂ ಒಪ್ಪಿದ ಮಾತು ಒಂದೇ: "ವೆರಿ ಇಂಟರೆಸ್ಟಿಂಗ್." ನೋಡಲು ವಿದ್ಯಾರ್ಥಿಗಳನ್ನೂ ಕರೆತಂದರು.

ಮನೆಗೆ ಬರುವಾಗ ಟ್ಯೂಬ್ ರೈಲಿನಲ್ಲಿ ಹೊಟ್ಟೆ ಹಿಡಿದುಕೊಂಡೇ ಕೇಳಿದಳು: "ಮದುವೆಯಾದಾಗಿನಿಂದ ನೀವು ಒಮ್ಮೆಯಾದರೂ ನನ್ನನ್ನು ಇಂಟರೆಸ್ಟಿಂಗ್ ಅಂತ ಹೇಳಿದ್ದುಂಟಾ?"

ಮಾರ್ಕು

ಕೊನೆಗೊಂದು ಬೆಳಿಗ್ಗೆ ಅವಳಿಗೆ ಎದ್ದು ನಿಲ್ಲಲಾಗಲಿಲ್ಲ. ಕ್ಯಾಶುವಾಲ್ಟಿಯಲ್ಲಿ ನರ್ಸ್ ಕೇಳಿದಳು: "ನೋವಿಗೆ ಹತ್ತರಲ್ಲಿ ಎಷ್ಟು?"

"ಐದು."

ಜ್ವರವೂ ಹೆಚ್ಚಿರಲಿಲ್ಲ. ಐದರವರು ಕಾಯಬೇಕು, ಕೂರಿಸಿದರು. ಲೂಪಸ್ಸಿಗೆಂದು ನುಂಗುವ ಸ್ಟೀರಾಯ್ಡ್ ಮಾತ್ರೆ ಜ್ವರವನ್ನೂ ನೋವನ್ನೂ ಅಡಗಿಸಿಡುತ್ತದೆ ಎಂಬುದನ್ನು ನಮಗೆ ಆಮೇಲೆ ತಿಳಿಸಿದರು, ಬಹಳ ಸೌಜನ್ಯದಿಂದ.

ಕಾಯುತ್ತಾ ಕೂತಲ್ಲೇ ಕೇಳಿದೆ: "ಐದು ಯಾಕೆ ಹೇಳಿದೆ ಮಾರಾಯ್ತಿ?"

"ಮತ್ತೆ? ಮೊದಲ ಪರೀಕ್ಷೆಯಲ್ಲೇ ಹತ್ತಕ್ಕೆ ಹತ್ತು ಯಾರಾದರೂ ಕೊಡ್ತಾರಾ? ನೀವು ಕೊಡ್ತೀರಾ?"

ನಾನು ಕೊಡುವುದಿಲ್ಲ. ನಮ್ಮೂರಿನ ಯಾವ ಮೇಷ್ಟ್ರೂ ಕೊಡುವುದಿಲ್ಲ.

ಸಂಜೆಯ ಹೊತ್ತಿಗೆ ಪಿತ್ತಕೋಶ ಒಡೆದಿತ್ತು. ಆಪರೇಷನ್ನಿಗೆ ಒಯ್ಯುವಾಗ ಮತ್ತೆ ಕೇಳಿದರು. ಹತ್ತು ಹೇಳು ಎಂದು ನಾನು ಕಣ್ಸನ್ನೆ ಮಾಡಿದೆ.

"ಒಂಬತ್ತು," ಎಂದಳು. ನನ್ನ ಕಡೆ ತಿರುಗಿ, "ಎಲ್ಲ ಇವತ್ತೇ ಕೊಟ್ಟರೆ ನಾಳೆಗೆ ಎಂತ ಉಂಟು?"

ನಾನು ನಕ್ಕೆ. ಬಾಗಿಲು ಮುಚ್ಚಿತು. ಅವಳಿಗೆ ನಾಳೆ ಬರಲಿಲ್ಲ.

ಮತ್ತೊಂದು ಮಾರ್ಕು

ಕೆಲವು ವಾರಗಳಾದ ಮೇಲೆ ನಿದ್ದೆ ಬರುವುದಿಲ್ಲವೆಂದು ಅದೇ ಜಿ.ಪಿ. ಹತ್ತಿರ ಹೋದೆ. ಅವರು ಸಂತಾಪ ಹೇಳಿದರು. ಈಗ ದುಃಖಕ್ಕೂ ಮಾರ್ಕು ಬಂದಿತ್ತು.

"ಹತ್ತರಲ್ಲಿ ಎಷ್ಟಿರಬಹುದು?"

ನಾನು ಪ್ರಾಮಾಣಿಕವಾಗಿ ಯೋಚಿಸಿದೆ. ಮುಂದೆ ಇನ್ನೂ ಎಷ್ಟೋ ವರ್ಷಗಳಿದ್ದವು. ಅವಕ್ಕೂ ಸ್ವಲ್ಪ ಉಳಿಸಬೇಕಲ್ಲ.

"ಐದು," ಎಂದೆ.

"ಗುಡ್," ಎಂದರು ಡಾಕ್ಟರು. "ಹಾಗಾದರೆ ಅವಸರವಿಲ್ಲ. ಕಾದು ನೋಡೋಣ."